ರಥದಲ್ಲಿ ಓದುತ್ತಿದ್ದವನು

(ಪದವಿಯ ವ್ಯಾಸಂಗವನ್ನು ಮುಗಿಸಿದ ವಿದ್ಯಾರ್ಥಿಯೊಬ್ಬನು ಗ್ರಾಮಸಭೆಯ ಮುಂದೆ ಮಾಡಿದ ಪ್ರಸಂಗ)

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 8ನೆಯ ಅಧ್ಯಾಯ, 26ರಿಂದ 40ರ ವರೆಗಿನ ವಚನಗಳು.



ಯೆರೂಸಲೇಮಿನಿಂದ ಗಾಜಾ ಊರಿಗೆ ಇಳಿದುಹೋಗುವ ಅಡವಿಯ ದಾರಿಯಲ್ಲಿ ಒಬ್ಬ ಮನುಷ್ಯನು ರಥದಲ್ಲಿ ಕೂತುಕೊಂಡು ಪುಸ್ತಕವನ್ನು ಓದುತ್ತಾ ಹೋಗುತ್ತಿದ್ದನು. ಅವನು ಐಥಿಯೋಪ್ಯ ದೇಶದ ಕಂಚುಕಿಯು. ಕಂದಾಕೆ ರಾಣಿಯ ಭಂಡಾರವೆಲ್ಲಾ ಅವನ ಕೈಯಲ್ಲಿತ್ತು. ಅವನಿಗೆ ಹಣದ ಕೊರತೆ ಇರಲಿಲ್ಲ, ಪುಸ್ತಕದ ಕೊರತೆಯೂ ಇರಲಿಲ್ಲ, ಓದಲು ಬಾರದವನೂ ಅಲ್ಲ. ಆದರೂ ಓದಿದ್ದರ ಅರ್ಥವು ಅವನಿಗೆ ತಿಳಿಯದೆ ಇತ್ತು. ಆಗ ಪವಿತ್ರಾತ್ಮನಿಂದ ಪ್ರೇರಿತನಾದ ಫಿಲಿಪ್ಪನು ಓಡಿಬಂದು, ನೀನು ಓದುವದು ನಿನಗೆ ತಿಳಿಯುತ್ತದೋ ಎಂದು ವಿಚಾರಿಸಿದನು. ದಾರಿ ತೋರಿಸುವವರಿಲ್ಲದೆ ತನಗೆ ಹೇಗೆ ತಿಳಿದೀತೆಂದು ಆ ದೊಡ್ಡ ಅಧಿಕಾರಿಯು ನಾಚಿಕೆಪಡದೆ ಹೇಳಿ, ಫಿಲಿಪ್ಪನನ್ನು ರಥದೊಳಗೆ ಕರೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡನು.

ಈ ಚರಿತ್ರೆಯನ್ನು ನಾವು ಚಿಕ್ಕಂದಿನಿಂದಲೂ ಕೇಳಿದವರೇ. ಆದರೆ 2020ನೆಯ ಇಸವಿಯಿಂದ ಈಚೆಗೆ ಶಾಲೆ ಕಲಿತ ನನ್ನಂಥವರಿಗೆ ಇದು ನಮ್ಮ ಚರಿತ್ರೆಯಂತೆಯೇ ತೋರುತ್ತದೆ. ಆ ವರುಷದ ಮಾರ್ಚ್ 25ರಂದು ಕೊರೊನಾ ವ್ಯಾಧಿಯ ನಿಮಿತ್ತ ನಮ್ಮ ದೇಶವೆಲ್ಲಾ ಮನೆಯೊಳಗೆ ಕೂತಿತು. ಜೂನ್ ತಿಂಗಳು ಬಂತು, ಮಳೆ ಬಂತು, ಶಾಲೆಯ ಗಂಟೆ ಮಾತ್ರ ಬಾರಿಸಲಿಲ್ಲ. ಪಾಠವು ಫೋನಿನೊಳಗೆ ಸೇರಿಕೊಂಡಿತು. ನಮ್ಮ ಹತ್ತನೆಯ ತರಗತಿಯ ವರುಷವು ಹೀಗೆ ಕಳೆಯಿತು. 2021ರಲ್ಲಿ ಎಸ್.ಎಸ್.ಎಲ್.ಸಿ., 2023ರಲ್ಲಿ ಪಿ.ಯು.ಸಿ., ಈಗ ಪದವಿ, ಹೀಗೆ ಮೂರು ಮೆಟ್ಟಲುಗಳನ್ನು ದೇವರ ಕೃಪೆಯಿಂದ ಹತ್ತಿ, ಇಂದು ನಿಮ್ಮ ಮುಂದೆ ನಿಂತಿದ್ದೇನೆ. ಆ ಕಾಲದಿಂದ ನಾವು ಕಲಿತದ್ದೇನು, ನಾವು ತೀರಿಸಬೇಕಾದ ಸಾಲವೇನು ಎಂಬದನ್ನು ಈ ವಾಕ್ಯಭಾಗದ ಬೆಳಕಿನಲ್ಲಿ ನಾಲ್ಕು ಮಾತುಗಳಾಗಿ ನಿಮ್ಮ ಸಂಗಡ ಆಲೋಚಿಸುವದಕ್ಕೆ ಅಪ್ಪಣೆಯಾಗಲಿ.

ಒಂದನೆಯದಾಗಿ, ಪುಸ್ತಕವು ಕೈಗೆ ಬಂದರೂ ಬೋಧಿಸುವವನು ಬೇಕು.

ಸರಕಾರದವರೂ ಉಪಾಧ್ಯಾಯರೂ ಆ ದಿನಗಳಲ್ಲಿ ಕೈ ಕಟ್ಟಿ ಕೂತಿರಲಿಲ್ಲವೆಂಬದನ್ನು ಮೊದಲು ಉಪಕಾರದಿಂದ ನೆನಸೋಣ. ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಎಂಬ ಹೆಸರಿನಿಂದ ಪಾಠಗಳು ಬಂದವು. ವಾಟ್ಸ್ಯಾಪಿನಲ್ಲಿ ಪ್ರಶ್ನೆಗಳೂ ಚಿತ್ರಗಳೂ ಬಂದವು. ಪುಸ್ತಕಗಳು ಮನೆಮನೆಗೆ ಸೇರಿದವು. ಆದರೂ ಎಲ್ಲರ ಮನೆಯಲ್ಲಿ ಫೋನು ಇರಲಿಲ್ಲ. ಇದ್ದ ಮನೆಯಲ್ಲಿಯೂ ಅದು ಎಲ್ಲರ ಕೈಗೆ ಸಿಕ್ಕಲಿಲ್ಲ. ಹಳ್ಳಿಗಳ ಮಕ್ಕಳ ವಿದ್ಯೆಯನ್ನು ಕುರಿತು ದೇಶದಲ್ಲೆಲ್ಲಾ ನಡೆಯುವ ಅಸರ್ ಎಂಬ ಸಮೀಕ್ಷೆಯ ಪ್ರಕಾರ, 2018ರಲ್ಲಿ ಶಾಲೆಗೆ ಸೇರಿದ ಮಕ್ಕಳೊಳಗೆ ನೂರಕ್ಕೆ 36.5 ಮಂದಿಯ ಮನೆಯಲ್ಲಿ ಸ್ಮಾರ್ಟ್ ಫೋನು ಇತ್ತು. 2021ರಲ್ಲಿ ಅದು 67.6ಕ್ಕೆ ಏರಿತು. ಎಷ್ಟೋ ತಂದೆತಾಯಿಗಳು ಆಡನ್ನೋ ಓಲೆಯನ್ನೋ ಮಾರಿ ಫೋನು ಕೊಂಡರೆಂಬದಕ್ಕೆ ನಮ್ಮ ಊರುಗಳೇ ಸಾಕ್ಷಿ. ಆದರೆ ಫೋನು ಇದ್ದ ಮನೆಗಳ ಮಕ್ಕಳಲ್ಲಿಯೂ ಕಾಲುಭಾಗದಷ್ಟು ಮಂದಿಗೆ ಅದು ಓದುವದಕ್ಕೆ ದೊರೆಯಲಿಲ್ಲವೆಂದು ಅದೇ ಸಮೀಕ್ಷೆ ಹೇಳುತ್ತದೆ. ಯಾಕಂದರೆ ತಂದೆಯು ಕೂಲಿಗೆ ಹೋಗುವಾಗ ಫೋನು ಅವನ ಜೇಬಿನಲ್ಲಿ ಹೋಗುತ್ತಿತ್ತು. ಸಾಯಂಕಾಲ ಅವನು ಬರುವಷ್ಟರಲ್ಲಿ ಪಾಠವು ಮುಗಿದಿರುತ್ತಿತ್ತು.

ಇನ್ನು ಫೋನು ಕೈಯಲ್ಲಿದ್ದವರ ಗತಿ ಏನು? ತರಗತಿಯಲ್ಲಿ ಉಪಾಧ್ಯಾಯನು ಲೆಕ್ಕವನ್ನು ಹಲಗೆಯ ಮೇಲೆ ಬರೆದು ಹಿಂದಿರುಗಿ ಮಕ್ಕಳ ಮುಖವನ್ನು ನೋಡುತ್ತಾನೆ. ಮೂರನೆಯ ಸಾಲಿನಲ್ಲಿ ಒಬ್ಬನ ಹುಬ್ಬು ಗಂಟಿಕ್ಕಿದೆ; ಕಡೆಯ ಸಾಲಿನಲ್ಲಿ ಒಬ್ಬಳು ಪಕ್ಕದವಳ ಪುಸ್ತಕವನ್ನು ನೋಡುತ್ತಿದ್ದಾಳೆ. ಕೂಡಲೆ ಅವನು ಲೆಕ್ಕವನ್ನು ಅಳಿಸಿ ಮತ್ತೊಂದು ವಿಧವಾಗಿ ತೋರಿಸುತ್ತಾನೆ. ಕಲಿಸುವದೆಂದರೆ ಬಹಳಮಟ್ಟಿಗೆ ಹೀಗೆ ಮುಖವನ್ನು ಓದುವದೇ. ಫೋನಿನಲ್ಲಾದರೋ ಉಪಾಧ್ಯಾಯನ ಎದುರಿಗೆ ಕಪ್ಪು ಚೌಕಗಳು ಮಾತ್ರ ಇದ್ದವು. ಕ್ಯಾಮೆರಾ ತೆರೆದರೆ ಡೇಟಾ ತೀರಿಹೋಗುವದೆಂಬ ಭಯದಿಂದ ಬಡವರ ಮಕ್ಕಳು ಮುಖವನ್ನು ಮುಚ್ಚಿಕೊಂಡೇ ಕೂತಿರುತ್ತಿದ್ದರು. ಆದಕಾರಣ ಉಪಾಧ್ಯಾಯರು ಆ ವರುಷವೆಲ್ಲಾ ಕೇಳಿದ ಪ್ರಶ್ನೆ ಒಂದೇ: ಕೇಳಿಸುತ್ತದೋ? ನಾವು ಕೊಟ್ಟ ಉತ್ತರವೂ ಒಂದೇ: ಕೇಳಿಸುತ್ತದೆ. ಆದರೆ ಪ್ರಿಯರೇ, ಫಿಲಿಪ್ಪನು ಕಂಚುಕಿಯನ್ನು ಆ ಪ್ರಶ್ನೆ ಕೇಳಲಿಲ್ಲ. ಅವನ ಓದು ಫಿಲಿಪ್ಪನ ಕಿವಿಗೆ ಬಿದ್ದಿತ್ತು. ತಿಳಿಯುತ್ತದೋ ಎಂದು ವಿಚಾರಿಸಿದನು. ಕೇಳಿಸುವದಕ್ಕೂ ತಿಳಿಯುವದಕ್ಕೂ ನಡುವೆ ಒಂದು ಹೊಳೆ ಇದೆ. ಅದನ್ನು ದಾಟಿಸುವದಕ್ಕೆ ಅಂಬಿಗನು ಬೇಕು.

ಈ ಹೊಳೆಯು ಎಷ್ಟು ಅಗಲವಾಗಿತ್ತೆಂಬದು ಆಮೇಲೆ ತಿಳಿದುಬಂತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ನಮ್ಮ ಕರ್ನಾಟಕವೂ ಸೇರಿ 5 ರಾಜ್ಯಗಳಲ್ಲಿ, 2ರಿಂದ 6ನೆಯ ತರಗತಿಯ ವರೆಗಿನ 16,067 ಮಕ್ಕಳನ್ನು ಪರೀಕ್ಷಿಸಿ ನೋಡಿದರು. ಹಿಂದಿನ ವರುಷ ಬರುತ್ತಿದ್ದ ಭಾಷೆಯ ಯಾವದಾದರೊಂದು ಸಾಮರ್ಥ್ಯವನ್ನು ನೂರರಲ್ಲಿ 92 ಮಕ್ಕಳು ಕಳಕೊಂಡಿದ್ದರು. ಗಣಿತದಲ್ಲಿ 82 ಮಕ್ಕಳು ಹಾಗೆಯೇ ಕಳಕೊಂಡಿದ್ದರು. ಹೊಸದನ್ನು ಕಲಿಯದೆ ಹೋದದ್ದಷ್ಟೇ ಅಲ್ಲ, ಕಲಿತದ್ದೂ ಕೈಬಿಟ್ಟುಹೋಯಿತು. ಉತ್ತ ಹೊಲವನ್ನು ಎರಡು ಮಳೆಗಾಲ ಬಿಟ್ಟರೆ ಏನಾಗುವದೆಂದು ಒಕ್ಕಲಿಗರಾದ ನಿಮಗೆ ನಾನು ಹೇಳಬೇಕಾದದ್ದಿಲ್ಲ.

ಎರಡನೆಯದಾಗಿ, ಫಿಲಿಪ್ಪನು ರಥವನ್ನು ಹತ್ತಿ ಕೂತುಕೊಂಡನು.

ಅವನು ದಾರಿಯ ಬದಿಯಲ್ಲಿ ನಿಂತು ಕೂಗಿ ಹೇಳಿ ತನ್ನ ಕೆಲಸವಾಯಿತೆಂದು ಹಿಂದಿರುಗಬಹುದಾಗಿತ್ತು. ಹಾಗೆ ಮಾಡದೆ ಅವನ ಸಂಗಡ ಕೂತು, ಅವನು ಓದುತ್ತಿದ್ದ ವಾಕ್ಯದಿಂದಲೇ ಆರಂಭಿಸಿದನು. ನಮ್ಮ ನಾಡಿನಲ್ಲಿಯೂ ಆ ಕಾಲದಲ್ಲಿ ಇಂಥವರು ಇದ್ದರು. 2020ರ ಆಗಸ್ಟಿನಲ್ಲಿ ವಿದ್ಯಾಗಮ ಎಂಬ ಏರ್ಪಾಡು ಆರಂಭವಾದಾಗ, ಉಪಾಧ್ಯಾಯರು ಮಕ್ಕಳಿದ್ದಲ್ಲಿಗೇ ಬಂದು, ಮರದ ಕೆಳಗೂ ಗುಡಿಯ ಜಗಲಿಯಲ್ಲಿಯೂ ಸಮುದಾಯ ಭವನದಲ್ಲಿಯೂ ಐದಾರು ಮಂದಿಯನ್ನು ಕೂಡಿಸಿ ಪಾಠ ಹೇಳಿದರು. ವ್ಯಾಧಿಯು ಹರಡಿದ್ದರಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಉಪಾಧ್ಯಾಯರಲ್ಲಿ ಕೆಲವರು ಆ ಸೇವೆಯ ಕಾಲದಲ್ಲಿ ಪ್ರಾಣವನ್ನೇ ಕೊಟ್ಟರು. ಅವರ ನೆನಪು ನಮಗೆ ಆಶೀರ್ವಾದವಾಗಿರಲಿ.

ತಂದೆತಾಯಿಗಳೂ ಹಾಗೆಯೇ. ಮಲೆನಾಡಿನಲ್ಲಿಯೂ ಘಟ್ಟದ ಕೆಳಗಣ ಊರುಗಳಲ್ಲಿಯೂ ಸಿಗ್ನಲ್ ಹುಡುಕುತ್ತಾ ಮಕ್ಕಳು ಗುಡ್ಡ ಹತ್ತಿದರು, ಅಲ್ಲಿ ಸೋಗೆಯಿಂದಲೂ ಪ್ಲಾಸ್ಟಿಕ್ ಹಾಳೆಯಿಂದಲೂ ಗುಡಿಸಲು ಕಟ್ಟಿದರು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನಿಂದ ಬಂದ ಒಂದು ಚಿತ್ರವನ್ನು ನಿಮ್ಮಲ್ಲಿ ಅನೇಕರು ಪತ್ರಿಕೆಗಳಲ್ಲಿ ನೋಡಿದ್ದೀರಿ: ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಕೂತು ಒಬ್ಬ ಹುಡುಗಿಯು ಫೋನಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅವಳ ಮೇಲೆ ಕೊಡೆ ಹಿಡಿದು ತಂದೆಯು ನಿಂತಿದ್ದಾನೆ. ಪಾಠವನ್ನು ಹೇಳಿಕೊಡುವದು ಅವನ ಕೆಲಸವಾಗಿರಲಿಲ್ಲ. ಅವನು ಮಾಡಬಹುದಾದದ್ದು ಒಂದೇ, ಅವಳ ಸಂಗಡ ನಿಲ್ಲುವದು. ಅದನ್ನು ಅವನು ಮಾಡಿದನು. ಓದುಬರಹ ಬಾರದ ನಮ್ಮ ತಾಯಂದಿರು, ಏನೂ ತಿಳಿಯದಿದ್ದರೂ ದೀಪದ ಬಳಿಯಲ್ಲಿ ನಮ್ಮ ಪಕ್ಕದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ಅವರು ಎದ್ದುಹೋಗಿದ್ದರೆ ನಾವೂ ಎದ್ದುಹೋಗುತ್ತಿದ್ದೆವು. ನನ್ನ ಪದವಿಯ ಪತ್ರದಲ್ಲಿ ಅವರ ಹೆಸರು ಬರೆದಿಲ್ಲ. ಆದರೆ ಪರಲೋಕದ ಪುಸ್ತಕದಲ್ಲಿ ಬರೆದಿದೆ ಎಂದು ನಂಬುತ್ತೇನೆ.

ದೂರದಿಂದ ಕಲಿಸುವದು ವ್ಯರ್ಥವೆಂದು ನಾನು ಹೇಳುವದಿಲ್ಲ. ಅಪೊಸ್ತಲನಾದ ಪೌಲನು ತನ್ನ ಮುಖವನ್ನೇ ನೋಡದ ಕೊಲೊಸ್ಸೆಯವರಿಗೆ ಪತ್ರ ಬರೆದು ಉಪದೇಶಿಸಿದನು. ಸೆರೆಮನೆಯ ಗೋಡೆಗಳು ಅವನ ಪಾಠವನ್ನು ತಡೆಯಲಿಲ್ಲ. ಹಾಗಾದರೂ ಪತ್ರ ಬರೆದವರೆಲ್ಲರೂ ಪತ್ರದಿಂದ ತೃಪ್ತಿಪಡಲಿಲ್ಲ. ಯೋಹಾನನು ತನ್ನ ಚಿಕ್ಕ ಪತ್ರಗಳ ಕಡೆಯಲ್ಲಿ, ಕಾಗದದಲ್ಲಿಯೂ ಮಸಿಯಲ್ಲಿಯೂ ಹೇಳತಕ್ಕದ್ದು ಬಹಳ ಇದ್ದರೂ ತಾನೇ ಬಂದು ಎದುರೆದುರಾಗಿ ಮಾತಾಡುವದನ್ನು ಹಾರೈಸುತ್ತೇನೆಂದು ತಿಳಿಸುತ್ತಾನೆ. ನಮ್ಮ ದೇವರಾದರೋ ಪ್ರವಾದಿಗಳ ಮೂಲಕ ವಾಕ್ಯವನ್ನು ಕಳುಹಿಸಿದ್ದಲ್ಲದೆ, ಕಡೆಗೆ ತನ್ನ ಮಗನನ್ನೇ ನಮ್ಮ ನಡುವೆ ವಾಸಿಸುವದಕ್ಕೆ ಕೊಟ್ಟನು. ಆದಕಾರಣ ಫೋನು ಒಳ್ಳೆಯ ಸೇವಕನಾಗಿ ಇರಲಿ. ಸಂಗಡ ಕೂಡ್ರುವವನ ಸ್ಥಾನವನ್ನು ಅದಕ್ಕೆ ಕೊಡದಿರೋಣ.

ಮೂರನೆಯದಾಗಿ, ಫಿಲಿಪ್ಪನು ಕಾಣದೆ ಹೋದ ಮೇಲೆ ಕಂಚುಕಿಯು ಸಂತೋಷದಿಂದ ತನ್ನ ದಾರಿಯನ್ನು ಹಿಡಿದನು.

ಯುವಕ ಯುವತಿಯರೇ, ಇದು ವಿಶೇಷವಾಗಿ ನಮಗೆ ಬರೆದದ್ದು. ಬೋಧಕನು ಕಣ್ಣಿಗೆ ಮರೆಯಾದನು; ಶಿಷ್ಯನು ಅಳುತ್ತಾ ನಿಲ್ಲಲಿಲ್ಲ. ಕಲಿತದ್ದು ಅವನೊಳಗೆ ಬೇರೂರಿತ್ತು. ಮನೆಯಲ್ಲಿ ಕೂತು ಕಲಿತ ಕಾಲವು ನಮ್ಮನ್ನು ಬೆಳೆಸಿದ್ದಾದರೆ ಅದು ಈ ವಿಷಯದಲ್ಲಿಯೇ. ಗಂಟೆ ಬಾರಿಸುವವರಿಲ್ಲದೆ ಏಳುವದು, ಕೋಲು ಹಿಡಿದವರಿಲ್ಲದೆ ಓದುವದು, ತಿಳಿಯದ್ದನ್ನು ನಾಚದೆ ಇನ್ನೊಬ್ಬರ ಹತ್ತಿರ ಕೇಳುವದು, ಕಡಿದುಹೋದ ಪಾಠಕ್ಕಾಗಿ ಸೈರಣೆಯಿಂದ ಮತ್ತೆ ಕಾಯುವದು, ಇವು ಪಠ್ಯಪುಸ್ತಕದಲ್ಲಿ ಇಲ್ಲದ ಪಾಠಗಳು. ಕಂಚುಕಿಯು ಭಂಡಾರದ ಅಧಿಪತಿಯಾಗಿದ್ದರೂ ನನಗೆ ತಿಳಿಯದು ಎಂಬ ಮಾತನ್ನು ಹೇಳಿದನು. ಆ ಮಾತಿನಿಂದಲೇ ಅವನ ತಿಳುವಳಿಕೆಯು ಹುಟ್ಟಿತು.

ಇವೆಲ್ಲಕ್ಕಿಂತಲೂ ದೊಡ್ಡ ಪಾಠವು ಯಥಾರ್ಥತೆ. ಮನೆಯಲ್ಲಿ ಕೂತು ಕಿರುಪರೀಕ್ಷೆ ಬರೆಯುವಾಗ ಕಾವಲುಗಾರನಿರಲಿಲ್ಲ. ಪುಸ್ತಕವು ಮೊಣಕಾಲಿನ ಮೇಲೆ, ಉತ್ತರವು ಫೋನಿನಲ್ಲಿಯೇ. ಆ ವರುಷ ನಮ್ಮ ತಲೆಮಾರಿನ ಪ್ರತಿಯೊಬ್ಬರ ಮುಂದೆ ಈ ಶೋಧನೆ ನಿಂತಿತ್ತು. ಯೋಸೇಫನು ಪೋಟೀಫರನ ಮನೆಯಲ್ಲಿ ಒಂಟಿಯಾಗಿದ್ದಾಗ ದೇವರು ನೋಡುತ್ತಾನೆಂಬದನ್ನು ಮರೆಯಲಿಲ್ಲ; ಅದೇ ಅವನ ಬಲವಾಗಿತ್ತು. ಮನುಷ್ಯನು ನಿಜವಾಗಿ ಯಾರೆಂಬದು ಕ್ಯಾಮೆರಾ ಮುಚ್ಚಿದ ಮೇಲೆಯೇ ಗೊತ್ತಾಗುವದು. ಅಂತರಂಗದಲ್ಲಿ ನೋಡುವ ತಂದೆಯನ್ನು ಕುರಿತು ಕರ್ತನು ಬೆಟ್ಟದ ಮೇಲೆ ಉಪದೇಶಿಸಿದ್ದು ಪ್ರಾರ್ಥನೆಗೂ ಉಪವಾಸಕ್ಕೂ ಮಾತ್ರವಲ್ಲ, ಓದಿಗೂ ಸಲ್ಲುತ್ತದೆ.

ಕಡೆಗೆ 2021ರ ಜುಲೈ 19 ಮತ್ತು 22, ಈ ಎರಡೇ ದಿನಗಳಲ್ಲಿ ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯಿತು. ದಿನಕ್ಕೆ ಮೂರು ವಿಷಯಗಳು, ಒಂದೊಂದು ವಿಷಯಕ್ಕೆ 40 ಪ್ರಶ್ನೆಗಳು. ಸರಿಯಾದ ಉತ್ತರದ ಗುರುತನ್ನು ಮಸಿಯಿಂದ ತುಂಬುವದಷ್ಟೇ ಕೆಲಸ. ಆಗಸ್ಟ್ 9ರಂದು ಫಲಿತಾಂಶವು ಬಂದಾಗ ಪರೀಕ್ಷೆಗೆ ಕೂತವರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಂದಿ ಉತ್ತೀರ್ಣರೆಂದು ಪ್ರಕಟವಾಯಿತು. ಆ ವ್ಯಾಧಿಯ ಕಾಲದಲ್ಲಿ ಅದು ದಯೆಯ ತೀರ್ಪು. ನಾವು ಅದಕ್ಕೆ ಉಪಕಾರ ಸಲ್ಲಿಸುತ್ತೇವೆ. ಆದರೆ ಎಲ್ಲರೂ ತೇರ್ಗಡೆಯಾದಾಗ, ಯಾರು ಕಲಿತರು, ಯಾರು ಕಲಿಯಲಿಲ್ಲ ಎಂಬದನ್ನು ಪತ್ರವು ಹೇಳಲಾರದು. ಅದನ್ನು ಮುಂದಿನ ತರಗತಿಗಳೇ ಹೇಳಿದವು. ಉಚಿತವಾಗಿ ದೊರೆತ ಕೃಪೆಯು ಸೋಮಾರಿತನಕ್ಕೆ ಪರವಾನಗಿಯಲ್ಲ. ಕೃಪೆ ಹೊಂದಿದವನು ಅದಕ್ಕೆ ತಕ್ಕಂತೆ ದುಡಿಯುವನೆಂದು ಅಪೊಸ್ತಲನು ಕಲಿಸಿದ್ದು ನಮ್ಮ ವಿಷಯದಲ್ಲಿ ಅಕ್ಷರಶಃ ನಿಜವಾಯಿತು. ಬಾರದ ಗಣಿತವನ್ನು ಪಿ.ಯು.ಸಿ.ಯಲ್ಲಿ ಮೊದಲಿನಿಂದ ಕಲಿತವರು ನಿಂತರು.

ನಾಲ್ಕನೆಯದಾಗಿ, ದಾರಿಯಲ್ಲಿ ಇನ್ನೂ ಕೂತಿರುವವರನ್ನು ನೆನಸೋಣ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಹೆಸರನ್ನು ಇಲ್ಲಿ ಹೇಳುವದಿಲ್ಲ. ಗಣಿತದಲ್ಲಿ ಅವಳಿಗೆ ಸರಿಸಮಾನರು ನಮ್ಮೊಳಗೆ ಇರಲಿಲ್ಲ. ಮನೆಯ ಒಂದೇ ಫೋನು ತಂದೆಯ ಸಂಗಡ ಕೆಲಸಕ್ಕೆ ಹೋಗುತ್ತಿತ್ತು. ಅವಳು ಕೆಲವು ತಿಂಗಳು ಗೆಳತಿಯರ ಪುಸ್ತಕಗಳನ್ನು ನೋಡಿ ಬರಕೊಂಡಳು. ಆಮೇಲೆ ಗದ್ದೆಯ ಕೆಲಸಕ್ಕೆ ಹೋದಳು. ಎರಡನೆಯ ಅಲೆಯ ಬೇಸಗೆಯಲ್ಲಿ, ಖರ್ಚು ಕಡಿಮೆ, ಜನರೂ ಕಡಿಮೆ ಎಂದು ಮನೆಯವರು ಅವಳ ಮದುವೆ ಮಾಡಿದರು. ಜುಲೈ 19ರಂದು ಅವಳ ಬೆಂಚು ಬರಿದಾಗಿತ್ತು. ಪರೀಕ್ಷೆಗೆ ಬಾರದವರನ್ನು ಫಲಿತಾಂಶದ ಪಟ್ಟಿಯು ಎಣಿಸುವದಿಲ್ಲ. ಆದರೆ ಪ್ರಿಯರೇ, 99 ಕುರಿಗಳು ಹಟ್ಟಿಗೆ ಸೇರಿದವೆಂದು ಸಮಾಧಾನಪಡದೆ ಒಂದನ್ನು ಹುಡುಕಿಕೊಂಡು ಹೋಗುವ ಕುರುಬನು ನಮಗಿದ್ದಾನೆ. ಆತನ ಲೆಕ್ಕದಲ್ಲಿ ಅವಳು ಬಿಟ್ಟುಹೋಗಿಲ್ಲ. ನಮ್ಮ ಲೆಕ್ಕದಲ್ಲಿಯೂ ಬಿಟ್ಟುಹೋಗಬಾರದು.

ಪದವಿಯ ಪತ್ರವನ್ನು ಕೈಯಲ್ಲಿ ಹಿಡಿಯುವಾಗ ನನ್ನನ್ನು ಕಾಡುವ ಪ್ರಶ್ನೆ ಇದೇ. ನನಗೆ ಫೋನು ದೊರೆಯಿತು, ಅವಳಿಗೆ ದೊರೆಯಲಿಲ್ಲ. ಇದರಲ್ಲಿ ನನ್ನ ಯೋಗ್ಯತೆ ಏನು? ಯಾರಿಗೆ ಹೆಚ್ಚಾಗಿ ಕೊಡಲ್ಪಟ್ಟಿದೆಯೋ ಅವರಿಂದ ಹೆಚ್ಚಾಗಿ ಕೇಳುವೆನೆಂಬದು ಕರ್ತನ ನ್ಯಾಯ. ಹಾಗಾದರೆ ಈ ಪತ್ರವು ಬಹುಮಾನವಲ್ಲ, ಸಾಲದ ಚೀಟಿ.

ಆದಕಾರಣ ಮೂರು ತರದವರಿಗೆ ಮೂರು ಬಿನ್ನಹಗಳನ್ನು ಮಾಡುತ್ತೇನೆ.

ತಂದೆತಾಯಿಗಳೇ, ಹುಡುಗನಿಗೂ ಹುಡುಗಿಗೂ ಓದಿನಲ್ಲಿ ಭೇದ ಮಾಡಬೇಡಿರಿ. ಮನೆಯಲ್ಲಿ ಒಂದೇ ಫೋನಿದ್ದರೆ ಅದರಲ್ಲಿ ಮಗಳಿಗೂ ಹೊತ್ತು ಇರಲಿ. 18 ತುಂಬದ ಮಗಳ ಮದುವೆಯು 2006ರ ಕಾಯಿದೆಯ ಪ್ರಕಾರ ಅಪರಾಧವೆಂಬದು ನಿಮಗೆ ಗೊತ್ತಿದೆ. ಕಾಯಿದೆಯ ಭಯಕ್ಕಿಂತಲೂ, ದೇವರು ಆ ಮಗುವಿನ ಕೈಯಲ್ಲಿಟ್ಟ ತಲಾಂತನ್ನು ನಾವೇ ಮಣ್ಣಿನಲ್ಲಿ ಹೂಳಬಾರದೆಂಬ ಭಯವು ನಮ್ಮನ್ನು ತಡೆಯಲಿ.

ಸಭೆಯ ಹಿರಿಯರೇ, ನಮ್ಮ ದೇವಾಲಯದ ಜಗಲಿಯು ವಾರದಲ್ಲಿ ಆರು ಸಾಯಂಕಾಲ ಬರಿದಾಗಿರುತ್ತದೆ. ಅಲ್ಲಿ ಒಂದು ದೀಪ, ಎರಡು ಚಾಪೆ, ಒಂದು ಹಲಗೆ ಇಡಿಸಿರಿ. ಸರಕಾರವು 2022ರಲ್ಲಿ ಕಲಿಕಾ ಚೇತರಿಕೆ ಎಂಬ ಹೆಸರಿನಿಂದ ಶಾಲೆಗಳಲ್ಲಿ ಹಿಂದುಳಿದ ಪಾಠಗಳನ್ನು ಮತ್ತೆ ಕಲಿಸುವ ಏರ್ಪಾಡು ಮಾಡಿತು. ಶಾಲೆಗೆ ಹಿಂದಿರುಗಿದವರಿಗೆ ಅದರಿಂದ ಉಪಕಾರವಾಯಿತು. ಹಿಂದಿರುಗದವರಿಗೆ ಯಾರಿದ್ದಾರೆ? ಯಾವ ಮತದವರ ಮಗುವೆಂದು ಕೇಳದೆ ಜಗಲಿಯನ್ನು ತೆರೆದಿಡಿರಿ. ಫಿಲಿಪ್ಪನು ಕಂಚುಕಿಯ ದೇಶವನ್ನೂ ಬಣ್ಣವನ್ನೂ ವಿಚಾರಿಸದೆ ಓಡಿದನು.

ನನ್ನ ಸಂಗಡಿಗರಾದ ಪದವೀಧರರೇ, ನಾವೇ ಓಡತಕ್ಕವರು. ಶಾಲೆ ಬಿಟ್ಟವರು ಖಾಸಗಿ ಅಭ್ಯರ್ಥಿಗಳಾಗಿ ಎಸ್.ಎಸ್.ಎಲ್.ಸಿ. ಬರೆಯಬಹುದು, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 14 ವಯಸ್ಸು ತುಂಬಿದ ಯಾರಾದರೂ ಹತ್ತನೆಯ ತರಗತಿಗೆ ಸೇರಬಹುದು, ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಮುಂದೆ ಓದುವವರಿಗೆ 1996ರಲ್ಲಿ ಸ್ಥಾಪಿತವಾದ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ. ದೂರದಿಂದ ಕಲಿಯುವ ಬಾಗಲುಗಳು ತೆರೆದಿವೆ. ಆದರೆ ಅರ್ಜಿಯನ್ನು ತುಂಬಿಕೊಡುವವನು, ಪಾಠವನ್ನು ಪಕ್ಕದಲ್ಲಿ ಕೂತು ಬಿಡಿಸಿ ಹೇಳುವವನು ಇಲ್ಲದೆ ಕೂಸನ್ನು ಕಂಕುಳಲ್ಲಿ ಹೊತ್ತ ಸಹೋದರಿಯು ಆ ಬಾಗಲನ್ನು ದಾಟಲಾರಳು. ವಾರಕ್ಕೆ ಎರಡು ಸಾಯಂಕಾಲ, ಒಬ್ಬರಿಗೊಬ್ಬರಂತೆ ನಾವು ಹಿಡಿದರೆ ಸಾಕು. ಪಟ್ಟಣಕ್ಕೆ ಕೆಲಸಕ್ಕೆ ಹೋದವರೂ ಅದೇ ಫೋನಿನಿಂದ ಊರಿನ ಒಂದು ಮಗುವಿಗೆ ಪಾಠ ಹೇಳಬಹುದು. ಆಗ ಕೇಳಿಸುತ್ತದೋ ಎಂದು ಕೇಳಿ ಬಿಡದೆ, ತಿಳಿಯುತ್ತದೋ ಎಂದು ವಿಚಾರಿಸಿರಿ. ತಿಳಿಯದು ಎಂದರೆ ಕೋಪಿಸದೆ ಮತ್ತೆ ಮೊದಲಿನಿಂದ ಹೇಳಿರಿ.

ಅಡವಿಯ ದಾರಿಯಲ್ಲಿ ಹೋಗುವ ಒಂದೇ ರಥಕ್ಕಾಗಿ, ಸಮಾರ್ಯದಲ್ಲಿ ಜನಸಮೂಹದ ನಡುವೆ ಇದ್ದ ಬೋಧಕನನ್ನು ದೇವರು ಎಬ್ಬಿಸಿ ಕಳುಹಿಸಿದನು. ಒಬ್ಬನು ಆತನಿಗೆ ಅಷ್ಟು ಬೆಲೆಯುಳ್ಳವನು. ನಮಗೂ ಆತನು ಅಂಥ ಕಿವಿಯನ್ನೂ ಅಂಥ ಕಾಲುಗಳನ್ನೂ ಕೊಡಲಿ. ಎರಡು ವರುಷಗಳ ಕತ್ತಲೆಯಲ್ಲಿ ನಮ್ಮ ಸಂಗಡ ಕೂತವರನ್ನು ಆತನು ಆಶೀರ್ವದಿಸಲಿ. ಬಿಟ್ಟುಹೋದವರನ್ನು ತಿರುಗಿ ಕರತರಲಿ. ಕಲಿತವರನ್ನು ಕಲಿಸುವವರನ್ನಾಗಿ ಮಾಡಲಿ. ಪ್ರಭುವಿನ ಸಮಾಧಾನವು ನಿಮ್ಮೆಲ್ಲರ ಸಂಗಡ ಇರಲಿ. ಆಮೆನ್.